ಪೆಟ್ರೋಲ್ ಬಾಯಿಗೆ ಹೋದರೆ ಉಪ್ಪುನೀರು ಕುಡಿಸಬಹುದೇ? ತೋಟದ ಮನೆಯಲ್ಲಿ ಮಗುವಿನ ಕೈಗೆ ಸಿಗುವ ವಿಷಗಳು

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆಯ ಹಳ್ಳಿಯಲ್ಲಿ ಅಡಿಕೆ ತೋಟದ ಮನೆ. ಮಗನಿಗೆ ಎರಡು ವರ್ಷ, ತೂಕ 11 ಕೆ.ಜಿ. ಕಳೆ ಕೊಚ್ಚುವ ಮೆಷಿನ್ನಿಗೆಂದು ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದ ಪೆಟ್ರೋಲನ್ನು ಹೋದ ವಾರ ಅವನು ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸು ಎಂದರು ಅತ್ತೆ, ಹಾಲು ಕೊಡಿ ಎಂದರು ಪಕ್ಕದ ಮನೆಯವರು. ಗಾಬರಿಯಲ್ಲಿ ಎರಡನ್ನೂ ಮಾಡಲಿಲ್ಲ. ಸ್ವಲ್ಪ ಕೆಮ್ಮಿದ, ಆಮೇಲೆ ಆಟವಾಡಿಕೊಂಡಿದ್ದ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಅತ್ತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಇರುವುದರಿಂದ ಮನೆ ತುಂಬ ಮಾತ್ರೆಗಳು. ನಾನೀಗ ಆರು ತಿಂಗಳ ಬಸುರಿ. ಏನನ್ನು ಎಲ್ಲಿಟ್ಟರೆ ಸರಿ?

ಉತ್ತರ: ಏನೂ ಕುಡಿಸದೆ ಇದ್ದದ್ದು ಒಳ್ಳೆಯದೇ ಆಯಿತು. ಆದರೆ ಕೆಮ್ಮಿದ ಮಗುವನ್ನು ಆಸ್ಪತ್ರೆಗೆ ತೋರಿಸದೆ ಬಿಟ್ಟದ್ದು ಸರಿಯಲ್ಲ. ವಾರ ಕಳೆದಿದೆ, ಜ್ವರವಿಲ್ಲ, ಕೆಮ್ಮಿಲ್ಲ, ಊಟ ಆಟ ಎಲ್ಲ ಮೊದಲಿನಂತೆಯೇ ಇದೆ ಎಂದಾದರೆ ಈಗ ಚಿಂತೆ ಬೇಡ. ಕೆಮ್ಮು ಉಳಿದಿದ್ದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ, ಪೆಟ್ರೋಲ್ ಬಾಯಿಗೆ ಹೋಗಿತ್ತು ಎಂಬುದನ್ನು ಮುಚ್ಚಿಡದೆ ಹೇಳಿ.

ಪೆಟ್ರೋಲ್, ಸೀಮೆಎಣ್ಣೆ, ಪೇಂಟಿನ ಥಿನ್ನರ್, ಟರ್ಪೆಂಟೈನ್ ಎಲ್ಲ ಒಂದೇ ಜಾತಿ. ಒಂದು ಗುಟುಕು ಹೊಟ್ಟೆಗೆ ಇಳಿದರೆ ಆಗುವ ಕೇಡು ಕಡಿಮೆ, ಅಪಾಯವೆಲ್ಲ ಶ್ವಾಸಕೋಶಕ್ಕೆ. ನೀರಿಗಿಂತ ತೆಳುವಾಗಿ ಹರಡುವ ದ್ರವವಾದ್ದರಿಂದ ನುಂಗುವಾಗ ಒಂದೆರಡು ಹನಿ ಶ್ವಾಸನಾಳಕ್ಕೆ ಜಾರುತ್ತದೆ. ಒಂದು ಮಿ.ಲೀ.ಗಿಂತ ಕಡಿಮೆ ಹೋದರೂ ಶ್ವಾಸಕೋಶ ಉರಿದು ನ್ಯುಮೋನಿಯಾದಂತಾಗಬಹುದು. ಕೆಮ್ಮು ಬಂತು, ಉಸಿರು ಕಟ್ಟಿದಂತಾಯಿತು ಎಂದರೆ ಆ ಹನಿ ಆಗಲೇ ಜಾರಿದೆ ಎಂದು ತಿಳಿಯಬೇಕು. ವಾಂತಿ ಮಾಡಿಸಿದರೆ ಅದೇ ಪೆಟ್ರೋಲ್ ಎರಡನೇ ಸಲ ಗಂಟಲಿನ ಮೂಲಕ ಹಾಯುತ್ತದೆ, ಎರಡನೇ ಸಲ ಜಾರುತ್ತದೆ. ಹಾಲು ಕುಡಿಸಿದರೂ ಹೊಟ್ಟೆ ತುಂಬಿ ತಾನಾಗಿ ವಾಂತಿಯಾಗುವ ಸಂಭವ ಹೆಚ್ಚು.

ಇಂಥದ್ದು ಮತ್ತೆ ನಡೆದರೆ ನೆನೆದ ಬಟ್ಟೆ ಕಳಚಿ ಮೈಯನ್ನು ಸೋಪು ನೀರಿನಲ್ಲಿ ತೊಳೆಯಿರಿ, ಬಾಯಿ ಒರೆಸಿ, ಆಸ್ಪತ್ರೆಗೆ ಹೊರಡಿ. ಅಲ್ಲಿ ಕನಿಷ್ಠ ಆರು ಗಂಟೆ ಇಟ್ಟುಕೊಂಡು ನೋಡುತ್ತಾರೆ. ದಾರಿಯಲ್ಲಿ ಮಗು ಅಳದೆ ಇರುವಾಗ ಎದೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿನಲ್ಲಿ ಅದು ನಿಮಿಷಕ್ಕೆ 40 ಮುಟ್ಟಿದರೆ ಉಸಿರಾಟ ಜೋರಾಗಿದೆ ಎಂದೇ ಲೆಕ್ಕ.

ಇನ್ನು ಉಪ್ಪುನೀರು. ಒಂದು ದೊಡ್ಡ ಚಮಚದಲ್ಲಿ ಹೆಚ್ಚುಕಡಿಮೆ 15ರಿಂದ 18 ಗ್ರಾಂ ಉಪ್ಪು ಇರುತ್ತದೆ. 11 ಕೆ.ಜಿ. ಮಗುವಿನ ಹೊಟ್ಟೆಯಲ್ಲಿ ಅಷ್ಟು ಉಳಿದುಬಿಟ್ಟರೆ ರಕ್ತದ ಸೋಡಿಯಂ ಏರಿ ಮಿದುಳಿನ ಕೋಶಗಳಿಂದ ನೀರು ಹೊರಬೀಳುತ್ತದೆ. ಫಿಟ್ಸ್ ಬರುತ್ತದೆ, ಪ್ರಾಣವೂ ಹೋಗಬಹುದು. ನುಂಗಿದ ವಸ್ತುವಿನಿಂದ ಏನೂ ಆಗದಿದ್ದ ಮಗುವಿಗೆ ಉಪ್ಪುನೀರೇ ಮುಳುವಾಗಬಹುದು. ಅತ್ತೆಯವರ ಕಾಳಜಿ ನಿಜವೇ, ಈ ಲೆಕ್ಕವನ್ನು ಸಮಾಧಾನವಾಗಿ ಕೂತು ಅವರಿಗೆ ಹೇಳಿ. ಹುಣಿಸೆನೀರು, ಸೋಪಿನ ನೀರು, ಸಗಣಿ ನೀರು, ಗಂಟಲಿಗೆ ಬೆರಳು ಹಾಕುವುದು ಯಾವುದೂ ಬೇಡ. ಒಲೆಯ ಇದ್ದಿಲು ಅರೆದು ಕುಡಿಸುವುದಂತೂ ಬೇಡವೇ ಬೇಡ. ಆಸ್ಪತ್ರೆಯವರು ಕೊಡುವ ಸಕ್ರಿಯ ಇದ್ದಿಲು ಬೇರೆ ರೀತಿಯಲ್ಲಿ ತಯಾರಾದದ್ದು, ಅದೂ ಪೆಟ್ರೋಲ್, ಆಸಿಡ್, ಕಬ್ಬಿಣದ ಮಾತ್ರೆಗಳಿಗೆ ಕೆಲಸ ಮಾಡದು.

ಮಗು ಏನೇ ನುಂಗಿರಲಿ, ಮೊದಲ ಕೆಲಸ ಬಾಯಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯುವುದು. ಎಚ್ಚರವಿಲ್ಲದಿದ್ದರೆ ಎಡ ಮಗ್ಗುಲಿಗೆ ಮಲಗಿಸಿ, ವಾಂತಿ ಹೊರಗೆ ಹರಿದು ಹೋಗುವ ಹಾಗೆ ಮುಖ ಸ್ವಲ್ಪ ಕೆಳಗಿರಲಿ. 108ಕ್ಕೆ ಕರೆ ಮಾಡಿ. ತೋಟದ ಮನೆಗೆ ಆಂಬುಲೆನ್ಸ್ ಬರುವುದು ತಡ ಎನಿಸಿದರೆ ಸ್ವಂತ ಗಾಡಿಯಲ್ಲೋ ಬಾಡಿಗೆ ಜೀಪಿನಲ್ಲೋ ಹೊರಟುಬಿಡಿ, ಓಡಿಸುವವರೊಬ್ಬರು, ಹಿಂದೆ ಮಗುವನ್ನು ನೋಡಿಕೊಳ್ಳುವವರೊಬ್ಬರು ಇರಲಿ. ದೂರದ ದೊಡ್ಡ ಆಸ್ಪತ್ರೆಯನ್ನು ಹುಡುಕಬೇಡಿ, ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬಾಟಲಿ, ಡಬ್ಬಿ, ಮಾತ್ರೆಯ ಹಾಳೆ, ಕಚ್ಚಿದ ಕಾಯಿ, ಎಲೆಯ ತುಂಡು ಏನಿದೆಯೋ ಅದನ್ನು ಚೀಲಕ್ಕೆ ಹಾಕಿಕೊಳ್ಳಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು: 1800 116 117. ಏನು, ಎಷ್ಟು, ಎಷ್ಟು ಹೊತ್ತಿಗೆ, ಮಗುವಿನ ವಯಸ್ಸು ಮತ್ತು ತೂಕ, ಈಗ ಹೇಗಿದೆ ಎಂಬಿಷ್ಟನ್ನು ಹೇಳಲು ತಯಾರಾಗಿರಿ. ಎಷ್ಟು ಎಂಬುದಕ್ಕೆ ಒಂದು ಉಪಾಯವಿದೆ: ಬಾಟಲಿ ತಂದಾಗ ಇದ್ದದ್ದರಲ್ಲಿ ಬಳಸಿದ್ದನ್ನೂ ನೆಲಕ್ಕೆ ಚೆಲ್ಲಿದ್ದನ್ನೂ ಕಳೆಯಿರಿ, ಉಳಿದದ್ದು ಮಗುವಿನ ಹೊಟ್ಟೆಗೆ ಹೋಗಿದೆ ಎಂದೇ ಹಿಡಿಯಿರಿ.

ಕಣ್ಣಿಗೆ ಬಿದ್ದರೆ ಮಾತ್ರ ಆಸ್ಪತ್ರೆಗಿಂತ ಮೊದಲು ನೀರು. ಎಲೆಯಡಿಕೆ ಸಂಚಿಯ ಸುಣ್ಣ ಇದರಲ್ಲಿ ಮೊದಲನೆಯದು. ಸುಣ್ಣದ ಪ್ಲಾಸ್ಟಿಕ್ ಪ್ಯಾಕೆಟ್ಟನ್ನು ಮಗು ಹಿಚುಕಿದಾಗ ಅದು ಸಿಡಿದು ನೇರ ಕಣ್ಣಿಗೆ ಹಾರುತ್ತದೆ. ಸುಣ್ಣ ಕ್ಷಾರ, ಕಣ್ಣಿನ ಒಳಪದರಕ್ಕೆ ಇಳಿಯುತ್ತಲೇ ಹೋಗುತ್ತದೆ, ದೃಷ್ಟಿ ಹೋದ ಮಕ್ಕಳಿದ್ದಾರೆ. ಮಗುವನ್ನು ಟವೆಲ್ಲಿನಲ್ಲಿ ಸುತ್ತಿ ಹಿಡಿದು, ರೆಪ್ಪೆ ಬಿಡಿಸಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ಚೊಂಬಿನಿಂದ ನೀರು ಹುಯ್ಯುತ್ತಿರಿ, 20ರಿಂದ 30 ನಿಮಿಷ. ಅಷ್ಟು ಹೊತ್ತು ಮಗು ಕಿರುಚುತ್ತದೆ, ಆದರೂ ನಿಲ್ಲಿಸಬೇಡಿ. ರೆಪ್ಪೆಯ ಒಳಗೆ ಅಂಟಿದ ಸುಣ್ಣದ ಕಣಗಳನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯಿರಿ. ಆಮೇಲೆ ಕಣ್ಣಿನ ವೈದ್ಯರ ಹತ್ತಿರ.

ಇನ್ನೊಂದು ಬಟನ್ ಸೆಲ್. ರಿಮೋಟ್, ಕಾರಿನ ಕೀಲಿ, ದೀಪಾವಳಿಗೆ ತರುವ ಬ್ಯಾಟರಿ ಹಣತೆಗಳಲ್ಲಿ ಇರುವ ನಾಣ್ಯದಂಥ ಸೆಲ್ಲು. 20 ಮಿ.ಮೀ. ಅಗಲದ್ದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ವಿದ್ಯುತ್ ಹರಿದು ಎರಡು ಗಂಟೆಯೊಳಗೆ ಅಲ್ಲಿನ ಮಾಂಸವನ್ನು ಸುಡುತ್ತದೆ. ನುಂಗಿದ್ದು ಖಚಿತವಿಲ್ಲದಿದ್ದರೂ ಎಕ್ಸ್‌ರೇ ಆಗಬೇಕು. ಏನನ್ನೂ ಕುಡಿಸಬೇಡಿ ಎಂಬ ನಿಯಮಕ್ಕೆ ಇಲ್ಲೊಂದು ವಿನಾಯಿತಿ: ಒಂದು ವರ್ಷ ದಾಟಿದ, ನುಂಗಲು ಆಗುತ್ತಿರುವ ಮಗುವಿಗೆ, ಸೆಲ್ ನುಂಗಿ 12 ಗಂಟೆ ಮೀರಿರದಿದ್ದರೆ, ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪವನ್ನು ಆರು ಸಲದವರೆಗೆ ಕೊಡಬಹುದು. ಸುಡುವ ವೇಗ ತಗ್ಗುತ್ತದೆ. ಜೇನು ಹುಡುಕಲು ನಿಲ್ಲಬೇಡಿ.

ಈಗ ಮನೆಯ ಮಾತು. ನಿಮ್ಮ ಮಗ ಕುಡಿದದ್ದು ಪೆಟ್ರೋಲ್ ಎಂದಲ್ಲ, ಅದು ನೀರಿನ ಬಾಟಲಿಯಲ್ಲಿತ್ತು ಎಂದು ಕುಡಿದ. ಮಕ್ಕಳ ಅವಘಡಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ, ತನ್ನ ಡಬ್ಬಿ ಬಿಟ್ಟು ಬೇರೆ ಡಬ್ಬಿಗೆ ಹೋದ ವಸ್ತು. ಎತ್ತರದಲ್ಲಿಟ್ಟರೆ ಸಾಕು ಎಂಬ ನಂಬಿಕೆ ಎರಡು ವರ್ಷದವರೆಗೆ ಹೇಗೋ ನಡೆಯುತ್ತದೆ. ಮೂರರ ಮಗು ಕುರ್ಚಿ ಎಳೆದು ಹತ್ತುತ್ತದೆ, ಆಗ ಬೀಗವೇ ಬೇಕು. ಪೆಟ್ರೋಲಿಗೆ ಕೆಂಪು ಬಣ್ಣದ ಬಿಗಿ ಮುಚ್ಚಳದ ಕ್ಯಾನ್ ತಂದು ಕೊಟ್ಟಿಗೆಯ ಆಚೆ ಬೀಗದ ಪೆಟ್ಟಿಗೆಯಲ್ಲಿಡಿ.

ತೋಟದ ಔಷಧಗಳೂ ಅಲ್ಲೇ ಇರಬೇಕು, ಅಟ್ಟದ ಮೇಲೆ ಅಲ್ಲ, ಹಿಂಡಿ ಚೀಲದ ಪಕ್ಕವೂ ಅಲ್ಲ. ಅಂಗಡಿಯವರು ಕಳೆನಾಶಕವನ್ನು ಕ್ವಾರ್ಟರ್ ಬಾಟಲಿಗೆ ಬಿಡಿಯಾಗಿ ಹಾಕಿಕೊಟ್ಟರೆ ತರಲೇಬೇಡಿ. ಅದು ಪ್ಯಾರಾಕ್ವಾಟ್ ಆಗಿದ್ದರೆ ಮಗುವಿಗೆ ಒಂದು ಗುಟುಕೇ ಸಾಕು. ಪ್ರತ್ಯೌಷಧವಿಲ್ಲ, ಮೊದಲ ದಿನ ಬಾಯಿ ಹುಣ್ಣು ವಾಂತಿಗಳಷ್ಟೇ ಕಂಡು ಆಮೇಲೆ ಮೂತ್ರಪಿಂಡ, ಶ್ವಾಸಕೋಶಗಳು ಕೈಕೊಡುತ್ತವೆ. ಕೀಟನಾಶಕಗಳಲ್ಲಿ ಹಲವು ಚರ್ಮದಿಂದಲೂ ಒಳಗೆ ಹೋಗುತ್ತವೆ. ಆರ್ಗನೋಫಾಸ್ಫೇಟ್ ಗುಂಪಿನದ್ದಾದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಭೇದಿ, ಎದೆಯಲ್ಲಿ ಗೊರಗೊರ ಸದ್ದು. ಬಟ್ಟೆ ಕಳಚಿ ತಲೆಕೂದಲ ಸಮೇತ ಸೋಪಿನಿಂದ ತೊಳೆದು ಕರೆದೊಯ್ಯಿರಿ, ತೊಳೆಯುವವರು ಕೈಗವಸು ಹಾಕಿಕೊಳ್ಳಿ. ಆಸ್ಪತ್ರೆಯಲ್ಲಿ ಇದಕ್ಕೆ ಅಟ್ರೊಪಿನ್ ಎಂಬ ಪ್ರತ್ಯೌಷಧ ಇರುತ್ತದೆ, ಕೆಲಸವನ್ನೂ ಮಾಡುತ್ತದೆ.

ತೋಟದ ಔಷಧದ ಡಬ್ಬಿಯ ಮೇಲೆ, ತನ್ನ ಮೂಲೆಯ ಮೇಲೆ ನಿಂತಂತಿರುವ ಚೌಕದ ಗುರುತು ನೋಡಿರುತ್ತೀರಿ. ಕೆಳಗಿನ ಅರ್ಧದ ಬಣ್ಣ ಕೆಂಪಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವಲ್ಲ ಎಂದಲ್ಲ, ವಿಷ ಕಡಿಮೆ ಎಂದಷ್ಟೇ. ಡಬ್ಬಿಯೊಳಗಿನ ಮಡಿಸಿದ ಚೀಟಿಯಲ್ಲಿ ಪ್ರತ್ಯೌಷಧದ ಹೆಸರಿರುತ್ತದೆ, ಬಿಸಾಡದೆ ಡಬ್ಬಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆಯಿರಿ. ತೂತು ಹೊಡೆಯದ ಡಬ್ಬಿ ಹೇಗಾದರೂ ಮಾಡಿ ಬಚ್ಚಲಿಗೋ ಅಡುಗೆಮನೆಗೋ ಬಂದು ಸೇರುತ್ತದೆ.

ನಿಮ್ಮ ಕಡೆ ವಿಶೇಷವಾಗಿ ಹೇಳಬೇಕಾದದ್ದು ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್. ಮಳೆಗಾಲಕ್ಕೆ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹೊತ್ತಿನಲ್ಲಿ, ನೂರು ಲೀಟರಿಗೆ ಒಂದು ಕೆ.ಜಿ. ತುತ್ತು ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ, ಎರಡೂ ಚೀಲಗಟ್ಟಲೆ ಅಂಗಳಕ್ಕೆ ಬರುತ್ತವೆ. ನೀಲಿ ಕಲ್ಲುಸಕ್ಕರೆಯಂತೆ ಹೊಳೆಯುವ ಹರಳು ಮಗುವಿನ ಕೈಗೆ ಹೋಗದೆ ಇರುತ್ತದೆಯೇ? ಕೆಲವೇ ಗ್ರಾಂ ನುಂಗಿದರೂ ನೀಲಿ-ಹಸಿರು ವಾಂತಿ, ಹೊಟ್ಟೆಯೊಳಗೆ ಹುಣ್ಣು, ಒಂದೆರಡು ದಿನದಲ್ಲಿ ರಕ್ತಕಣಗಳು ಒಡೆದು ಮೂತ್ರಪಿಂಡಕ್ಕೆ ಹೊಡೆತ. ಔಷಧ ಹೊಡೆಯುವ ದಿನ ಮಗುವನ್ನು ನೋಡಿಕೊಳ್ಳುವುದೇ ಒಬ್ಬರ ಕೆಲಸವಾಗಿರಲಿ, ಅವರಿಗೆ ಆ ದಿನ ಬೇರೆ ಕೆಲಸ ಹೇಳಬೇಡಿ. ಚೀಲದ ಬಾಯಿ ಕಟ್ಟುವವರೆಗೆ, ನೆಲಕ್ಕೆ ಉದುರಿದ್ದನ್ನು ಗುಡಿಸುವವರೆಗೆ ಕೆಲಸ ಮುಗಿದಿಲ್ಲ.

ಇಲಿ ಪಾಷಾಣದ ಬಗ್ಗೆ ನನ್ನ ಅಭಿಪ್ರಾಯ ಖಡಾಖಂಡಿತ: ಚಿಕ್ಕ ಮಗುವಿರುವ ಮನೆಗೆ ಟ್ಯೂಬಿನ ಪೇಸ್ಟ್ ತರಲೇಬಾರದು. ನೋಡಲು ಟೂತ್‌ಪೇಸ್ಟಿನಂತೆಯೇ. ಅದರಲ್ಲಿ ಸಾಮಾನ್ಯವಾಗಿ 3% ಹಳದಿ ರಂಜಕ ಇರುತ್ತದೆ, ದೇಹದ ತೂಕದ ಕೆ.ಜಿ.ಗೆ ಒಂದು ಮಿ.ಗ್ರಾಂ ರಂಜಕವೇ ಪ್ರಾಣಾಂತಿಕ. ನಿಮ್ಮ ಮಗನ ತೂಕಕ್ಕೆ ಲೆಕ್ಕ ಹಾಕಿದರೆ ಒಂದು ಕಡಲೆಕಾಳಿನಷ್ಟು ಪೇಸ್ಟ್. ಮೊದಲ ದಿನ ವಾಂತಿ, ಆಮೇಲೆ ಒಂದೆರಡು ದಿನ ಎಲ್ಲ ಸರಿಹೋದಂತೆ ಕಾಣುತ್ತದೆ. ಮನೆಯವರು ಆಸ್ಪತ್ರೆಯಿಂದ ಹಟ ಮಾಡಿ ಬಿಡಿಸಿಕೊಂಡು ಹೋಗುವುದು ಆಗಲೇ. ಮೂರನೇ ದಿನದ ಹೊತ್ತಿಗೆ ಕಾಮಾಲೆ, ಯಕೃತ್ತಿನ ವೈಫಲ್ಯ. ಇದಕ್ಕೆ ನಿರ್ದಿಷ್ಟ ಪ್ರತ್ಯೌಷಧವಿಲ್ಲ. ಬಿಲ್ಲೆ ರೂಪದ ಪಾಷಾಣಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯವಕ್ಕೆ ವಿಟಮಿನ್ ಕೆ ಇದೆ. ಆದರೆ ತೊಂದರೆ ಕಾಣುವುದು ತಡವಾಗಿ, 48 ಗಂಟೆಯ ನಂತರ ರಕ್ತಪರೀಕ್ಷೆ ಬೇಕು. ಇಲಿ ಬೋನೇ ನಿಮಗೆ ಸರಿ.

ಅತ್ತೆಯವರ ಮಾತ್ರೆಗಳಿಗೆ ಬರೋಣ. ಸಕ್ಕರೆ ಮಾತ್ರೆಗಳೆಲ್ಲ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನು ಮಗು ನುಂಗಿದರೆ ಸಾಮಾನ್ಯವಾಗಿ ಏನೂ ಆಗದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಾಮೈಡ್ ಗುಂಪಿನದು ಒಂದೇ ಒಂದು ಹೋದರೂ ರಕ್ತದ ಸಕ್ಕರೆ ಕುಸಿಯುತ್ತದೆ, ಅದೂ ಕೂಡಲೇ ಅಲ್ಲ, ಎಷ್ಟೋ ಗಂಟೆ ಬಿಟ್ಟು, ನಡುರಾತ್ರಿ ಮಗು ಮಲಗಿರುವಾಗ. ಹೀಗಾಗಿ ಚೆನ್ನಾಗಿಯೇ ಇದ್ದರೂ 24 ಗಂಟೆ ಆಸ್ಪತ್ರೆಯಲ್ಲಿಟ್ಟು ಸಕ್ಕರೆ ನೋಡುತ್ತಿರಬೇಕು. ಎರಡೂ ಬೆರೆತ ಮಾತ್ರೆಗಳು ಬಹಳ, ಹಾಳೆಯ ಹಿಂದಿನ ಹೆಸರು ಓದಿ. ಬಿ.ಪಿ.ಯ ಅಮ್ಲೊಡಿಪಿನ್ ಕೂಡ ಒಂದೆರಡು ಮಾತ್ರೆಗೇ ಮಗುವಿನ ರಕ್ತದೊತ್ತಡ ಇಳಿಸುತ್ತದೆ. ಮಾತ್ರೆಗಳನ್ನು ಸಂಚಿಯಲ್ಲಿ, ದಿಂಬಿನಡಿ, ಟಿ.ವಿ. ಮೇಲೆ ಇಡುವ ರೂಢಿ ಬಿಡಿಸಲು ಬೈಯುವುದರಿಂದ ಆಗದು. ಅವರು ಕೂರುವ ಜಾಗದ ಹತ್ತಿರ, ಅವರ ಎತ್ತರಕ್ಕೆ, ಚಿಲಕವಿರುವ ಒಂದು ಗೋಡೆ ಪೆಟ್ಟಿಗೆ ಹೊಡೆಸಿಕೊಡಿ. ಮಾತ್ರೆಯನ್ನು ಮಗುವಿಗೆ ‘ಪೆಪ್ಪರ್‌ಮಿಂಟು’ ಎಂದು ಯಾರೂ ಹೇಳಬಾರದು.

ನಿಮ್ಮ ಸ್ವಂತ ಮಾತ್ರೆಗಳನ್ನು ನೀವು ಲೆಕ್ಕಕ್ಕೇ ತೆಗೆದುಕೊಂಡಂತಿಲ್ಲ. ಬಸುರಿಗೆ ಸರ್ಕಾರದಿಂದ ಕೊಡುವ ಕೆಂಪು ಕಬ್ಬಿಣಾಂಶದ ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣವಿದೆ, ಒಟ್ಟು ಕೊಡುವುದು 180 ಮಾತ್ರೆ. ಮಗುವಿಗೆ ಕೆ.ಜಿ.ಗೆ 20 ಮಿ.ಗ್ರಾಂ ದಾಟಿದರೆ ವಾಂತಿ ಭೇದಿ, 60 ಮುಟ್ಟಿದರೆ ಪ್ರಾಣಾಪಾಯ. ನಿಮ್ಮ ಮಗನಿಗೆ ಅದು ಹನ್ನೊಂದು ಮಾತ್ರೆ. ಅವನಿಗೇ ಕೊಡುವ ಕಬ್ಬಿಣದ ಸಿರಪ್ಪಿನಲ್ಲೂ ಮಿ.ಲೀ.ಗೆ 20 ಮಿ.ಗ್ರಾಂ ಇದೆ. ವಾರಕ್ಕೆ ಎರಡು ಸಲ ಒಂದೊಂದು ಮಿ.ಲೀ. ಕೊಡುವ ಆ 50 ಮಿ.ಲೀ. ಬಾಟಲಿಯನ್ನು ಅವನು ಒಮ್ಮೆಲೇ ಖಾಲಿ ಮಾಡಿದರೆ 1000 ಮಿ.ಗ್ರಾಂ. ಇದರಲ್ಲೂ ಕೆಲವು ಗಂಟೆ ವಾಂತಿಯಾಗಿ ಆಮೇಲೆ ಸುಧಾರಿಸಿದಂತೆ ಕಾಣುವ ಮೋಸದ ಹೊತ್ತು ಒಂದಿದೆ.

ಜ್ವರದ ಪ್ಯಾರಸಿಟಮಾಲ್ ಕೊಡುವಾಗ ಡ್ರಾಪ್ಸ್ ಮತ್ತು ಸಿರಪ್ ಅದಲುಬದಲಾಗುವುದು ಮನೆಮನೆಯ ಕಥೆ. ಡ್ರಾಪ್ಸ್‌ನಲ್ಲಿ ಒಂದು ಮಿ.ಲೀ.ಗೆ 100 ಮಿ.ಗ್ರಾಂ, ಸಿರಪ್ಪಿನಲ್ಲಿ 5 ಮಿ.ಲೀ.ಗೆ 125 ಅಥವಾ 250. ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ 11 ಕೆ.ಜಿ. ಮಗುವಿಗೆ ಡ್ರಾಪ್ಸ್ ಒಂದೂವರೆ ಮಿ.ಲೀ., 125ರ ಸಿರಪ್ ಆರೂವರೆ, 250ರದ್ದು ಮೂರು ಕಾಲು. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಇಡೀ ದಿನದ ಮೇಲ್ಮಿತಿ ಒಂದೇ ಸಲಕ್ಕೆ ಹೋಯಿತು. 250ರ 60 ಮಿ.ಲೀ. ಬಾಟಲಿ ಪೂರ್ತಿ ಕುಡಿದರೆ ಯಕೃತ್ತಿಗೆ ಅಪಾಯ. ಮೊದಲ ದಿನ ಮಗು ಚೆನ್ನಾಗಿಯೇ ಇರುತ್ತದೆ, ಆದರೆ ಇದರ ಪ್ರತ್ಯೌಷಧವಾದ ಎನ್-ಅಸಿಟೈಲ್ ಸಿಸ್ಟೀನ್ ಕೆಲಸ ಮಾಡುವುದು ಎಂಟು ಗಂಟೆಯೊಳಗೆ ಶುರುವಾದಾಗ ಚೆನ್ನಾಗಿ.

ದೇವರಮನೆಯ ಕರ್ಪೂರವನ್ನು ಯಾರೂ ವಿಷವೆಂದು ನೋಡುವುದಿಲ್ಲ. ಒಂದು ಗ್ರಾಮಿನಷ್ಟು ಕರ್ಪೂರಕ್ಕೆ ಪುಟ್ಟ ಮಕ್ಕಳು ಸತ್ತ ದಾಖಲೆಗಳಿವೆ. ನುಂಗಿದ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಇಲ್ಲಿ ಹಾಲು ಇನ್ನೂ ಕೆಟ್ಟದ್ದು, ಕೊಬ್ಬಿನಲ್ಲಿ ಕರ್ಪೂರ ಬೇಗ ಕರಗಿ ಮೈಗೆ ಸೇರುತ್ತದೆ. ನೀಲಗಿರಿ ಎಣ್ಣೆ ಒಂದು ಟೀ ಚಮಚ ಹೋದರೆ ಮಗುವಿಗೆ ಎಚ್ಚರ ತಪ್ಪಬಹುದು. ಸೊಳ್ಳೆ ಮೆಷಿನ್ನಿನ ದ್ರವದಲ್ಲಿ ಸಾಮಾನ್ಯವಾಗಿ ಔಷಧಕ್ಕಿಂತ ಹೆಚ್ಚು ಇರುವುದು ಸೀಮೆಎಣ್ಣೆ ಜಾತಿಯ ದ್ರಾವಕ, ಅದಕ್ಕೆ ಮೇಲಿನ ಪೆಟ್ರೋಲಿನ ನಿಯಮವೇ. ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕೊಳೆ ಚೆನ್ನಾಗಿ ಹೋಗಲಿ ಎಂದು ಒಂದರ ಮೇಲೊಂದು ಸುರಿಯಬೇಡಿ, ಬಸುರಿಯಾದ ನೀವಂತೂ ಆ ಬಚ್ಚಲಲ್ಲಿ ನಿಲ್ಲಬೇಡಿ.

ಬೇಲಿಯ ಗಿಡಗಳಲ್ಲಿ ಕಣಗಿಲೆ, ಹಳದಿ ಕಣಗಿಲೆಯ ಕಾಯಿ ಹೃದಯಕ್ಕೆ ಹೊಡೆತ ಕೊಡುತ್ತವೆ. ಉಮ್ಮತ್ತಿ ಬೀಜ ಭ್ರಮೆ ತರಿಸುತ್ತದೆ. ಗುಲಗಂಜಿಯನ್ನು ಇಡಿಯಾಗಿ ನುಂಗಿದರೆ ಹೆಚ್ಚಾಗಿ ಹಾಗೆಯೇ ಹೊರಬರುತ್ತದೆ, ಕಚ್ಚಿ ಅಗಿದಿದ್ದರೆ ಮಾತ್ರ ಗಂಭೀರ. ಅಂಗಳದ ಹತ್ತಿರದ್ದನ್ನು ಕಿತ್ತು ಹಾಕಿ, ತೋಟದಾಚೆಯದ್ದನ್ನು ಬಿಡಿ.

ಕೊನೆಯದಾಗಿ ಹುಟ್ಟಲಿರುವ ಕೂಸಿಗೆ ಸಂಬಂಧಿಸಿದ ಎರಡು ವಿಷಯ. ದೊಡ್ಡ ಮಗನ ಹಳೆಯ ಬಟ್ಟೆಗಳನ್ನು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದರೆ ಅವನ್ನು ನೇರವಾಗಿ ಕೂಸಿಗೆ ಹಾಕಬೇಡಿ. ನ್ಯಾಫ್ತಲೀನ್ ಚರ್ಮದಿಂದ, ಉಸಿರಿನಿಂದ ಒಳಹೋಗುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸಾದರೆ ರಕ್ತಕಣ ಒಡೆದು ಕಾಮಾಲೆ ಮಿದುಳಿಗೆ ಏರಬಹುದು. ಆ ಕೊರತೆ ಇದೆಯೋ ಇಲ್ಲವೋ ಹುಟ್ಟಿದ ಕೂಸನ್ನು ಬರಿಗಣ್ಣಿನಿಂದ ನೋಡಿದರೆ ತಿಳಿಯದು. ಬಟ್ಟೆಗಳನ್ನು ಒಗೆದು ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿಗೆ ಹಾಕಿ, ಮುಂದೆ ಬೇವಿನ ಎಲೆಗಳಷ್ಟೇ ಸಾಕು. ಎರಡನೆಯದು ಬಾಣಂತಿ ಕೋಣೆಯ ಕೆಂಡ. ಮಳೆ, ಚಳಿ ಎಂದು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಟ್ಟರೆ ಹೊಗೆ ಕಾಣದಿದ್ದರೂ ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬಾಣಂತಿಗೆ ಸಹಜ ಎಂದು ಸುಮ್ಮನಾಗುವ ಹೊತ್ತಿಗೆ ಕೂಸಿಗೂ ಅದೇ ಗಾಳಿ ಹೋಗಿರುತ್ತದೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೂಡ ಇದರಲ್ಲಿ ಸರಿಯಿದೆ ಎಂದೇ ತೋರಿಸುತ್ತದೆ. ಕೋಣೆ ಬೆಚ್ಚಗಾಗಬೇಕಿದ್ದರೆ ಕೆಂಡವನ್ನು ನೀವಿಲ್ಲದಾಗ ಇಟ್ಟು, ಹೊರಗೊಯ್ದು, ಬಾಗಿಲು ಕಿಟಕಿ ತೆರೆದು ಗಾಳಿಯಾಡಿದ ಮೇಲೆ ಒಳಗೆ ಹೋಗಿ. ಮಲಗುವ ಹೊತ್ತಿಗೆ ಕೋಣೆಯಲ್ಲಿ ಕೆಂಡ ಇರಕೂಡದು.